ಪೆನ್ನಿನ ಇನ್ಸುಲಿನ್ ಸಿಗದ ದಿನಗಳಲ್ಲಿ

ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳು ಸಗಟು ವಿತರಕರಲ್ಲಿಯೇ ಮುಗಿದಿವೆ ಎಂದು ತಿಳಿದ ದಿನ ದಾವಣಗೆರೆಯ ನಮ್ಮ ಔಷಧದ ಅಂಗಡಿಯಲ್ಲಿ ಉಳಿದಿದ್ದುದು ಹನ್ನೊಂದು. ಅವುಗಳನ್ನೇ ನಂಬಿದ್ದವರು ಮೂವತ್ತಕ್ಕೂ ಹೆಚ್ಚು ಮಂದಿ. ಹಳೆಯ ಬಿಲ್ಲುಗಳನ್ನು ತಿರುವಿ ಅವರೆಲ್ಲರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನೆಯಲ್ಲಿ ಇನ್ನೆಷ್ಟು ದಿನಕ್ಕಾಗುವಷ್ಟು ಇದೆ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಕೆಲವರ ಫ್ರಿಜ್ಜಿನಲ್ಲಿ ಎರಡು ತಿಂಗಳಿಗೆ ಸಾಲುವಷ್ಟಿತ್ತು. ಕೆಲವರಲ್ಲಿ ಅಂದಿನ ರಾತ್ರಿಯದು ಮಾತ್ರ ಇತ್ತು. ಮೊದಲು ಬಂದವರಿಗೆ ಕೊಡುವ ಬದಲು ಮೊದಲು ಮುಗಿಯುವವರಿಗೆ ತಲಾ ಒಂದರಂತೆ ಕೊಟ್ಟೆ. ಇದರಿಂದ ಹಳೆಯ ಗಿರಾಕಿಗಳಿಬ್ಬರು ಬೇಸರಪಟ್ಟರು, ಆದರೂ ಆ ನಿರ್ಧಾರ ಸರಿಯಿತ್ತೆಂದೇ ನಂಬಿದ್ದೇನೆ.

ಅದರಂಥದ್ದೇ ಬೇರೆ ಏನಾದರೂ ಕೊಡಿ ಎಂದು ಒತ್ತಾಯಿಸಿದವರೂ ಇದ್ದರು. ಷೆಡ್ಯೂಲ್ ಎಚ್ ಪಟ್ಟಿಯ, ಅಂದರೆ ವೈದ್ಯರ ಚೀಟಿಯಿದ್ದರಷ್ಟೇ ಮಾರಬಹುದಾದ ಔಷಧವನ್ನು ಚೀಟಿಯಲ್ಲಿ ಬರೆದಿದ್ದರೆ, ಒಳಗಿನ ವಸ್ತು ಒಂದೇ ಆಗಿದ್ದರೂ ಬೇರೆ ತಯಾರಿಕೆಯನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ ಎಂದು 1945ರ ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಆದ್ದರಿಂದ ರೋಗಿಯ ಡೋಸು, ಹೊತ್ತು, ಊರಿನಲ್ಲಿ ಸದ್ಯ ಸಿಗುತ್ತಿರುವ ಔಷಧ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೇ ವೈದ್ಯರಿಗೆ ಫೋನ್ ಮಾಡುತ್ತಿದ್ದೆ. ವಿಷಯವನ್ನು ಒಂದೇ ನಿಮಿಷದಲ್ಲಿ ಮುಗಿಸಿದರೆ ಓಪಿಡಿಯ ನಡುವೆಯೂ ಅವರು ಕೇಳಿಸಿಕೊಳ್ಳುತ್ತಾರೆ. ಹೆಚ್ಚಿನವರಿಗೆ ಪೆನ್ನಿನ ಬದಲು ಸಿರಿಂಜಿನಿಂದ ಎಳೆದುಕೊಳ್ಳುವ, ಅದೇ ಇನ್ಸುಲಿನ್ ಮಿಶ್ರಣದ ಸೀಸೆಯನ್ನು, ಅಷ್ಟೇ ಯುನಿಟ್ಟುಗಳಂತೆ (ಇನ್ಸುಲಿನ್ ಅಳೆಯುವುದು ಯುನಿಟ್ಟಿನಲ್ಲಿ), ಹೊಸ ಚೀಟಿಯಲ್ಲಿ ಬರೆದುಕೊಟ್ಟರು.

ನಾನು ತಪ್ಪಿದ್ದು ಇಲ್ಲಿಯೇ. ಕಾರ್ಟ್ರಿಜ್‌ನ ಪ್ರತಿ ಮಿಲಿಲೀಟರಿನಲ್ಲಿ 100 ಯುನಿಟ್ ಇದ್ದರೆ ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಸೀಸೆಯಲ್ಲಿ 40 ಇರುತ್ತದೆ, ಸಿರಿಂಜಿನ ಗೆರೆಗಳೂ ಆಯಾ ಅಳತೆಗೆ ತಕ್ಕಂತೆಯೇ ಇರುತ್ತವೆ, ಹಾಗಾಗಿ ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಮೊದಲ ವಾರ ಸೀಸೆ ಒಯ್ದವರೊಬ್ಬರು ‘ಸಿರಿಂಜ್ ಮನೆಯಲ್ಲಿದೆ’ ಎಂದಾಗ ಯಾವುದು ಎಂದು ನಾನು ಕೇಳಲಿಲ್ಲ. ಅವರಲ್ಲಿದ್ದುದು ಕಿತ್ತಳೆ ಮುಚ್ಚಳದ 100ರ ಸಿರಿಂಜ್. 20ರ ಗೆರೆಯವರೆಗೆ ಎಳೆದರೂ ಮೈಗೆ ಸೇರುತ್ತಿದ್ದುದು ಎಂಟೇ ಯುನಿಟ್. ನಾಲ್ಕನೆಯ ದಿನ ಅವರ ಮಗಳು ಫೋನ್ ಮಾಡಿ, ಅಪ್ಪನಿಗೆ ಬಾಯಾರಿಕೆ ತಡೆಯಲಾಗುತ್ತಿಲ್ಲ, ರಾತ್ರಿಯಿಡೀ ಮೂತ್ರಕ್ಕೆ ಏಳುತ್ತಿದ್ದಾರೆ ಎಂದಾಗ ನನ್ನ ತಪ್ಪು ತಿಳಿಯಿತು. ಅದೇ ಸಂಜೆ ಅವರನ್ನು ವೈದ್ಯರ ಬಳಿಗೆ ಕಳುಹಿಸಿ, ಸರಿಯಾದ ಸಿರಿಂಜನ್ನು ನಾನೇ ಒಯ್ದು ಕೊಟ್ಟೆ.

ಅಂದಿನಿಂದ ಸಿರಿಂಜ್ ಜೊತೆಯಿಲ್ಲದೆ ಸೀಸೆಯನ್ನು ಕೊಡಲಿಲ್ಲ. ಖಾಲಿ ಸೀಸೆಯೊಂದಕ್ಕೆ ನೀರು ತುಂಬಿಟ್ಟು, ಅಂಗಡಿಯಲ್ಲೇ ಮೂರು ಸಲ ಎಳೆದು ತೋರಿಸಿ ಎನ್ನುತ್ತಿದ್ದೆ. ಜಗಳೂರು ಕಡೆಯ ಅಜ್ಜಿಯೊಬ್ಬರು ‘ಗೆರೆ ಕಾಣಂಗಿಲ್ಲ ನೋಡಪ್ಪಾ’ ಎಂದಾಗ, ಮರುದಿನ ಮೊಮ್ಮಗನನ್ನು ಕರೆಸಿ ಅವನಿಗೆ ಕಲಿಸಿದೆ. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಳಸುತ್ತಿರುವ ಸೀಸೆಯನ್ನು ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡಲು ಹೇಳಿದೆ. ಬೆಳಿಗ್ಗೆ 20, ರಾತ್ರಿ 12 ಯುನಿಟ್ ಅವರ ಡೋಸು. 400 ಯುನಿಟ್ಟಿನ ಸೀಸೆ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ಹತ್ತನೆಯ ದಿನಕ್ಕೇ ಬರಬೇಕೆಂದು ಚೀಟಿಯ ಹಿಂದೆ ತಾರೀಖು ಬರೆದುಕೊಟ್ಟೆ.

ಕಾರ್ಟ್ರಿಜ್‌ಗಳು ಮತ್ತೆ ಬಂದಾಗ ಎಚ್ಚರ ಇನ್ನೂ ಹೆಚ್ಚಾಗಬೇಕಾಯಿತು. ಮನೆಯಲ್ಲಿ ಉಳಿದ ಕೆಂಪು ಮುಚ್ಚಳದ ಸಿರಿಂಜಿನಿಂದ ಯಾರಾದರೂ ಕಾರ್ಟ್ರಿಜ್‌ನಿಂದಲೇ 20ರ ಗೆರೆಯವರೆಗೆ ಎಳೆದುಕೊಂಡರೆ ಒಳಹೋಗುವುದು 50 ಯುನಿಟ್. ಅದು ಪ್ರಾಣಕ್ಕೇ ಅಪಾಯ. ನೋಟ್‌ಬುಕ್ಕಿನಲ್ಲಿದ್ದ ಎಲ್ಲರಿಗೂ ಇನ್ನೊಮ್ಮೆ ಫೋನ್ ಮಾಡಿ, ಪೆನ್ನಿಗೆ ಮರಳುವವರು ಆ ಸಿರಿಂಜ್‌ಗಳನ್ನು ಅಂಗಡಿಗೆ ತಂದುಕೊಟ್ಟು ಕಾರ್ಟ್ರಿಜ್ ಒಯ್ಯಬೇಕೆಂದು ಕೇಳಿಕೊಂಡೆ.