ಬೋರ್‌ವೆಲ್ ನೀರಿಗೂ ಒಗ್ಗುವ ಶಾಂಪೂ ಬಿಲ್ಲೆ

ಮೊದಲ ಸಲ ಶಾಂಪೂ ಬಿಲ್ಲೆ ಮಾಡಿದಾಗ ನಾನು ಮಾಡಿದ್ದು ಶಾಂಪೂ ಅಲ್ಲ, ಸೋಪು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಾಸ್ಟಿಕ್ ಸೋಡಾ ಹಾಕಿ, ಒಂದೂವರೆ ತಿಂಗಳು ಒಣಗಿಸಿ, ಆಸೆಯಿಂದ ತಲೆಗೆ ಹಾಕಿಕೊಂಡೆ. ಕೂದಲು ಒಣಗಿದ ಮೇಲೆ ನೋಡಿದರೆ ಮೇಣ ಸವರಿದ ಹಾಗಿತ್ತು. ಬಾಚಣಿಗೆ ಹಲ್ಲಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಜಿಡ್ಡು.

ತಪ್ಪು ನಮ್ಮ ನೀರಿನದು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಒಂದು ಕೆನೆ ಆಗುತ್ತದೆ. ಬಕೆಟ್ಟಿನ ಅಂಚಿಗೆ ಕೂರುತ್ತದಲ್ಲ, ಅದೇ ಕೂದಲಿಗೂ ಕೂರುತ್ತದೆ. ಸಾಲದ್ದಕ್ಕೆ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10, ತಲೆಗೆ ಹಿತವಾಗಿರುವುದು 5ರ ಆಸುಪಾಸು. ನಿಂಬೆಹಣ್ಣಿನ ನೀರು ಹೊಯ್ದುಕೊಂಡರೆ ಸ್ವಲ್ಪ ಸರಿಹೋಗುತ್ತದೆ ನಿಜ, ಆದರೆ ಪ್ರತಿ ಸಲ ಯಾರು ಮಾಡುತ್ತಾರೆ? ಅಂಟುವಾಳ, ಸೀಗೆಕಾಯಿಗೆ ಈ ತಾಪತ್ರಯವೇ ಇಲ್ಲ. ಅವುಗಳ ನೊರೆ ಸೋಪಿನದಲ್ಲ, ಸಪೋನಿನ್ ಎಂಬ ವಸ್ತುವಿನದು. ಗಡಸು ನೀರಿನಲ್ಲೂ ಅದು ಕೆನೆಗಟ್ಟುವುದಿಲ್ಲ.

ಹಾಗಾಗಿ ಕಾಸ್ಟಿಕ್ ಸೋಡಾದ ದಾರಿ ಬಿಟ್ಟೆ. ನೀವೂ ಬಿಡಿ ಅಂತಲೇ ಹೇಳುವುದು. ಕೈ ಸುಡುತ್ತದೆ, ಕಣ್ಣಿಗೆ ಹಾರಿದರೆ ದೇವರೇ ಗತಿ.

ಈಗ ನಾನು ಬಳಸುವುದು ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್. ಹೆಸರು ಕೇಳಿ ಹೆದರಬೇಡಿ, ಅಂಗಡಿಯವರು ಎಸ್‌ಸಿಐ ಅಂತಾರೆ. ತೆಂಗಿನೆಣ್ಣೆಯ ಕೊಬ್ಬಿನಿಂದ ಮಾಡಿದ, ಸೋಪಿನ ಬದಲು ನೊರೆ ಕೊಡುವ ಬಿಳಿ ಪುಡಿ. ನೂರು ಗ್ರಾಂ ಬಿಲ್ಲೆಗೆ ಇದು 60 ಗ್ರಾಂ. ಕೊಕಮಿಡೊಪ್ರೊಪೈಲ್ ಬೀಟೇನ್ ಎಂಬ ದ್ರವ 16 ಗ್ರಾಂ, ಸೀಟೈಲ್ ಆಲ್ಕೊಹಾಲ್ 10 ಗ್ರಾಂ. ಇದನ್ನು ತರಿಸಿದ ದಿನ ನಮ್ಮ ಮನೆಯವರು ಡಬ್ಬಿ ಮೇಲಿನ ಹೆಸರು ಓದಿ ನನ್ನ ಮುಖ ನೋಡಿದರು. ಅದು ಹೆಂಡ ಅಲ್ಲ, ಮೇಣದಂಥ ಚೂರು. ಹರಳೆಣ್ಣೆ 3 ಗ್ರಾಂ, ಸೀಗೆಪುಡಿ 5 ಗ್ರಾಂ, ಅಂಟುವಾಳದ ಗಟ್ಟಿ ಕಷಾಯ 5 ಗ್ರಾಂ, ಕೆಡದಂತೆ ಇಡುವ ಫಿನಾಕ್ಸಿಎಥನಾಲ್ 1 ಗ್ರಾಂ. ಚಮಚದ ಅಳತೆ ಬೇಡ, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇರಲಿ.

ಕಷಾಯಕ್ಕೆ ಅಂಟುವಾಳದ ಬೀಜ ತೆಗೆದು, ಸಿಪ್ಪೆ ಮಾತ್ರ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಅರ್ಧಕ್ಕಿಳಿಸಿ ಸೋಸಿ. ಸೀಗೆಪುಡಿ ವಸ್ತ್ರಗಾಳಿತ ಆಗಿರಲೇಬೇಕು. ಜರಡಿ ಸಾಲದು, ತೆಳು ಪಂಚೆ ಬಟ್ಟೆಯಲ್ಲಿ ಹಿಡಿಯಿರಿ. ಇಲ್ಲದಿದ್ದರೆ ತಲೆ ಒಣಗಿದ ಮೇಲೆ ಬೈತಲೆ ತುಂಬ ಕಂದು ಪುಡಿ, ಜನ ಹೊಟ್ಟು ಅಂದುಕೊಳ್ಳುತ್ತಾರೆ.

ಎಸ್‌ಸಿಐ ಪುಡಿ ಮೂಗಿಗೆ ಹೋದರೆ ಸೀನು, ಕೆಮ್ಮು ತಪ್ಪಿದ್ದಲ್ಲ. ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯೊಂದನ್ನು ಇದಕ್ಕೇ ಮೀಸಲಿಡಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರೊಳಗೆ ಈ ಪಾತ್ರೆ ಇಳಿಸಿ, ಎಸ್‌ಸಿಐ, ಬೀಟೇನ್, ಸೀಟೈಲ್ ಆಲ್ಕೊಹಾಲ್, ಹರಳೆಣ್ಣೆ ಹಾಕಿ. ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಅವಸರಪಟ್ಟು ನೀರು ಸುರಿಯಬೇಡಿ. ನಡುನಡುವೆ ಸೌಟಿನ ಬೆನ್ನಿನಲ್ಲಿ ಒತ್ತುತ್ತಿರಿ, ಒಮ್ಮೆಲೇ ಮೆತ್ತಗಾಗುತ್ತದೆ. ಪೂರ್ತಿ ಕರಗಬೇಕಿಲ್ಲ, ರವೆ ಉಂಡೆ ಹಿಟ್ಟಿನ ಹದಕ್ಕೆ ಬಂದರೆ ಸಾಕು. ಆಗ ಸೀಗೆಪುಡಿ, ಕಷಾಯ ಸೇರಿಸಿ. ಕೆಳಗಿಳಿಸಿ ಸ್ವಲ್ಪ ಆರಿದ ಮೇಲೆ ಫಿನಾಕ್ಸಿಎಥನಾಲ್ ಹಾಕಿ ಚೆನ್ನಾಗಿ ನಾದಿ. ಕೈಗೆ ಗ್ಲೌಸ್ ಇರಲಿ.

ಅಚ್ಚಿಗೆ ಹಾಕುವ ಮೊದಲು 1 ಗ್ರಾಂ ಚೂರನ್ನು 10 ಮಿ.ಲೀ. ನೀರಲ್ಲಿ ಕರಗಿಸಿ ಪಿಎಚ್ ಕಾಗದ ಅದ್ದಿ ನೋಡಿ. ಬೋರ್‌ವೆಲ್ ನೀರಲ್ಲಿ ಅದ್ದಿದರೆ ಲೆಕ್ಕ ತಪ್ಪುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. 5ರಿಂದ 6ರೊಳಗಿದ್ದರೆ ಸರಿ. ಜಾಸ್ತಿ ಇದ್ದರೆ ನಾಲ್ಕು ಹನಿ ನೀರಲ್ಲಿ ಚಿಟಿಕೆ ಸಿಟ್ರಿಕ್ ಆಸಿಡ್ ಕರಗಿಸಿ ಸೇರಿಸಿ, ಮತ್ತೆ ನೋಡಿ. ಆಮೇಲೆ ಸಿಲಿಕೋನ್ ಅಚ್ಚಿಗೋ, ಬಟರ್ ಪೇಪರ್ ಹಾಸಿದ ಬಟ್ಟಲಿಗೋ ಹಾಕಿ, ಹೆಬ್ಬೆರಳಿಂದ ಬಲವಾಗಿ ಅದುಮಿ. ಗಾಳಿ ಉಳಿದರೆ ಬಿಲ್ಲೆ ಸೀಳುತ್ತದೆ. ನೆರಳಲ್ಲಿ ಎರಡು ದಿನ ಒಣಗಲಿ.

ಇದರಲ್ಲಿ ದಾಸವಾಳದ ಎಲೆ ಯಾಕಿಲ್ಲ ಅಂತೀರಾ? ಒಮ್ಮೆ ಆಷಾಢದಲ್ಲಿ ಹಸಿ ಎಲೆ ರುಬ್ಬಿ ಹಾಕಿದ್ದೆ. ಹತ್ತೇ ದಿನಕ್ಕೆ ಬಿಲ್ಲೆ ಮೇಲೆ ಹಸಿರು ಬೂಸ್ಟು, ಡಬ್ಬಿ ತೆರೆದರೆ ಹಳಸಿದ ವಾಸನೆ. ಹಸಿ ಎಲೆ, ಮೊಸರು, ಹಾಲು ಯಾವುದೂ ಬೇಡ. ಅಷ್ಟು ಇಷ್ಟವಿದ್ದರೆ ದಾಸವಾಳದ ಲೋಳೆಯನ್ನು ಸ್ನಾನದ ದಿನವೇ ಅರೆದು ತಲೆಗೆ ಹಚ್ಚಿಕೊಳ್ಳಿ.

ಹರಳೆಣ್ಣೆ ಸುರಿದುಕೊಂಡ ದಿನ ಒಂದು ಸಲ ಉಜ್ಜಿದರೆ ಸಾಲದು, ಎರಡು ಸಲ ಬೇಕು. ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ನೊರೆ ಮಾತ್ರ ತಲೆಗೆ ಹಚ್ಚಿ. ಸೀಗೆ ಇರುವುದರಿಂದ ಕಣ್ಣಿಗೆ ಹೋದರೆ ಉರಿಯುತ್ತದೆ, ಮಕ್ಕಳ ತಲೆ ಹಿಂದಕ್ಕೆ ಬಾಗಿಸಿ ನೀರು ಹೊಯ್ಯಿರಿ. ಬಳಸಿದ ಮೇಲೆ ತೂತಿರುವ ಸೋಪಿನ ಡಬ್ಬಿಯಲ್ಲಿಡಿ, ನೀರಲ್ಲಿ ಕೂತರೆ ಬೆಳಗಾಗುವುದರೊಳಗೆ ಅಂಬಲಿ. ಕೊನೆಗೆ ಉಳಿಯುವ ಚೂರನ್ನು ಬಿಸಾಡಬೇಡಿ, ಒದ್ದೆ ಮಾಡಿ ಹೊಸ ಬಿಲ್ಲೆಗೆ ಒತ್ತಿದರೆ ಅಂಟಿಕೊಳ್ಳುತ್ತದೆ.