ಆ 20 ನಿಮಿಷಗಳ ಮೇಲೆ ಬಂದ ದೂರು

ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಶುಶ್ರೂಷಣಾಧಿಕಾರಿ. ತುಂಗಭದ್ರಾ ಕಾಲುವೆಯ ನೀರುಣ್ಣುವ ಭತ್ತದ ಸೀಮೆ ನಮ್ಮದು. ಹಾವು ಕಡಿದವರು ಬರುತ್ತಲೇ ಇರುತ್ತಾರೆ. ಹಾಗೆ ರಾತ್ರಿ ಬಂದ ರೈತರೊಬ್ಬರ ಮಗ ನನ್ನ ಮೇಲೆ ದೂರು ಕೊಟ್ಟರು: ಸಿಸ್ಟರ್ ಇಂಜೆಕ್ಷನ್ ಕೊಡದೆ ಗಡಿಯಾರ ನೋಡುತ್ತ ನಿಂತಿದ್ದರು, ಹಣ ಕೇಳಿದರು.

ಗಡಿಯಾರ ನೋಡಿದ್ದು ನಿಜ. ಸುಮಾರು 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಏರಿದೆ ಎಂದರ್ಥ. ವಿಷದ ಲಕ್ಷಣ ಕಾಣದೆ ಪ್ರತಿವಿಷದ ಇಂಜೆಕ್ಷನ್ ಕೊಡುವಂತಿಲ್ಲ. ಕೆಲವರಿಗೆ ಅದರಿಂದಲೇ ಪ್ರಾಣಾಪಾಯದ ಅಲರ್ಜಿ ಆಗಬಹುದು. ಕೊಳವೆ ತೋರಿಸಿ ಇದನ್ನು ಹೇಳಿಯೂ ಇದ್ದೆ. ತಂದೆ ನರಳುವುದನ್ನು ನೋಡುತ್ತ ನಿಂತ ಮಗನ ಕಿವಿಗೆ ಅದು ಬೀಳಲಿಲ್ಲ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹಣದ ಮಾತು ಮಾತ್ರ ಅಪ್ಪಟ ಸುಳ್ಳು, ಅದು ನನ್ನನ್ನು ಸುಟ್ಟಿತು.

"ಸಿಸ್ಟರ್, ಒಂದು ಕ್ಷಮಾಪಣೆ ಪತ್ರ ಬರೆದುಕೊಡಿ, ಇಲ್ಲಿಗೇ ಮುಗಿಸೋಣ" ಎಂದರು ಕಚೇರಿಯ ಹಿರಿಯರೊಬ್ಬರು. ನನ್ನ ಒಳ್ಳೆಯದಕ್ಕೇ ಹೇಳಿದರು, ಆದರೆ ಇದಕ್ಕಿಂತ ಕೆಟ್ಟ ಸಲಹೆಯಿಲ್ಲ. ಕ್ಷಮೆಯ ಒಂದು ಸಾಲು ಕಡತ ಸೇರಿತೆಂದರೆ, ನಾಳೆ ಅದನ್ನು ಓದುವವರಿಗೆ ಹಣ ಕೇಳಿದ್ದನ್ನೂ ನಾನು ಒಪ್ಪಿಕೊಂಡಂತೆ. ದೂರಿನ ಪ್ರತಿ ಕೊಡಿ, ಬರವಣಿಗೆಯಲ್ಲಿ ಉತ್ತರಿಸುತ್ತೇನೆ ಎಂದೆ. ನಮ್ಮಂಥ ನೌಕರರಿಗೆ ಅನ್ವಯಿಸುವ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳೂ ಆಪಾದನೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆನ್ನುತ್ತವೆ.

ಅಂದೇ ಮತ್ತೊಂದು ಅರ್ಜಿ ಕೊಟ್ಟೆ: ತುರ್ತು ಘಟಕದ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾದಿಡಬೇಕು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ಇದರಲ್ಲಿ ತಡ ಸಲ್ಲದು. ಚಿಕಿತ್ಸೆಯ ವಿವರವಿರುವ ಕೇಸ್ ಶೀಟನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲಿಲ್ಲ, ಅದು ರೋಗಿಯ ಗುಟ್ಟು. ವೈದ್ಯಾಧಿಕಾರಿಗಳ ಅನುಮತಿ ಪಡೆದೇ ಪ್ರತಿ ಮಾಡಿಸಿದೆ. ಅದರಲ್ಲಿನ ನನ್ನ ಟಿಪ್ಪಣಿಯನ್ನು ಚೊಕ್ಕವಾಗಿ ಮತ್ತೊಮ್ಮೆ ಬರೆದಿಡು ಎಂದ ಗೆಳತಿಗೆ ಕೈಮುಗಿದೆ. ಒಂದಕ್ಷರ ತಿದ್ದಿದ್ದರೂ ಇಡೀ ಪುಟ ಸುಳ್ಳೆನಿಸುತ್ತಿತ್ತು.

ಉತ್ತರದಲ್ಲಿ ನನ್ನ ಸೇವೆ, ತ್ಯಾಗ, ಕಣ್ಣೀರು ಯಾವುದನ್ನೂ ಬರೆಯಲಿಲ್ಲ. ಬರೆದದ್ದು ವೇಳೆ ಮಾತ್ರ. ರಾತ್ರಿ 9.10ಕ್ಕೆ ರೋಗಿ ಬಂದದ್ದು, ವೈದ್ಯರು ನೋಡಿದ್ದು, 9.15ಕ್ಕೆ ರಕ್ತ ತೆಗೆದದ್ದು, 9.35ಕ್ಕೆ ಕೊಳವೆ ಓರೆ ಮಾಡಿದ್ದು, ಹೆಪ್ಪುಗಟ್ಟಿಲ್ಲವೆಂದು ವೈದ್ಯರಿಗೆ ತಿಳಿಸಿದ್ದು, ಅವರ ಆದೇಶದಂತೆ 9.40ಕ್ಕೆ ಸಲೈನಿನಲ್ಲಿ 10 ವಯಲ್ (ಪುಟ್ಟ ಸೀಸೆ) ಪ್ರತಿವಿಷ ಶುರುವಾದದ್ದು. ಪ್ರತಿ ಸಾಲಿನ ಎದುರು ಅದು ದಾಖಲಾದ ಪುಟದ ಸಂಖ್ಯೆ ಹಾಕಿದೆ. ವಯಲುಗಳ ಬ್ಯಾಚ್ ಸಂಖ್ಯೆ ಔಷಧ ದಾಸ್ತಾನು ವಹಿಯಲ್ಲಿತ್ತು.

ಕಷ್ಟವಿದ್ದದ್ದು ಹಣದ ಆಪಾದನೆಯಲ್ಲಿ. ನಡೆಯದೇ ಇದ್ದದ್ದಕ್ಕೆ ಎಲ್ಲಿಂದ ಸಾಕ್ಷಿ ತರುವುದು? 'ಕೇಳಿಲ್ಲ' ಎಂದು ಒಂದೇ ವಾಕ್ಯ ಬರೆದು, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಎದುರು, ಎಷ್ಟು ಕೇಳಿದೆನೆಂದು ದೂರುದಾರರ ಹೇಳಿಕೆ ದಾಖಲಿಸಬೇಕೆಂದು ಕೋರಿದೆ. ಪಾಳಿಯಲ್ಲಿದ್ದ ಉಳಿದವರನ್ನೂ ವಿಚಾರಿಸಿ ಎಂದೆ. ಉತ್ತರದ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ದೂರುದಾರರಿಗೆ ನಾನಾಗಲಿ ಮನೆಯವರಾಗಲಿ ಫೋನ್ ಮಾಡಲಿಲ್ಲ. ಮಾಡಿದ್ದರೆ ಬೆದರಿಕೆಯ ಹೊಸ ದೂರು ಹುಟ್ಟುತ್ತಿತ್ತು.

ವಿಚಾರಣೆಯಲ್ಲಿ ಆ ಪ್ರಶ್ನೆಗಳಿಗೆ ದೂರುದಾರರಿಗೆ ಉತ್ತರ ಕೊಡಲಾಗಲಿಲ್ಲ. "ಮುಗಿಯಿತು, ಸಿಸ್ಟರ್, ಇನ್ನು ಹೋಗಿ" ಎಂದು ವಿಚಾರಣೆ ನಡೆಸಿದವರು ಬಾಯಿಮಾತಿನಲ್ಲಿ ಹೇಳಿದರು. ನಾನು ಏಳಲಿಲ್ಲ. ದೂರು ಸಾಬೀತಾಗಿಲ್ಲವೆಂಬ ಆದೇಶ ಬರವಣಿಗೆಯಲ್ಲಿ ಬೇಕು, ಅದರ ಒಂದು ಪ್ರತಿ ನನ್ನ ಸೇವಾ ವಹಿಯ ಜೊತೆಗಿರಬೇಕು ಎಂದು ಕೇಳಿದೆ. ಎರಡನ್ನೂ ಮಾಡಿಕೊಟ್ಟರು.