ಬ್ಯಾಟರಿ ಮುಗಿಯುವ ಮುನ್ನ ರಿಮೋಟ್ ಬಾಯಿಬಿಡಲಿ

ರಿಮೋಟ್ ವಿಮಾನ ಹಾರಿಸುವವರು ಆಕಾಶದಿಂದ ಕಣ್ಣು ಕೀಳುವಂತಿಲ್ಲ. ಪರದೆಯಲ್ಲಿ ವೋಲ್ಟೇಜ್ ಎಷ್ಟೇ ಚೆಂದವಾಗಿ ಮೂಡಲಿ, ಓದಲು ತಲೆ ತಗ್ಗಿಸಿದ ಎರಡು ಕ್ಷಣದಲ್ಲಿ ವಿಮಾನ ಯಾವುದಾದರೂ ತೆಂಗಿನ ಮರವನ್ನು ಹುಡುಕಿಕೊಂಡಿರುತ್ತದೆ. ಹಾಗಾಗಿ ಸುದ್ದಿ ಕಿವಿಗೇ ಬರಬೇಕು. ಇಲ್ಲಿರುವುದು ಎಡ್ಜ್‌ಟಿಎಕ್ಸ್ ತಂತ್ರಾಂಶದ ರಿಮೋಟ್, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ, ವಿಮಾನದೊಳಗಿನ ಪುಟ್ಟ ಸಾಧನ) ಮತ್ತು ಮೂರು ಸೆಲ್‌ನ ಲಿಪೊ ಬ್ಯಾಟರಿಯ ಲೆಕ್ಕ.

ಮೊದಲ ಕೆಲಸ, ಪ್ರೊಪೆಲ್ಲರ್ ಬಿಚ್ಚಿಡುವುದು. ಆಮೇಲೆ ರಿಮೋಟ್ ಆನ್ ಮಾಡಿ, ವಿಮಾನಕ್ಕೆ ಬ್ಯಾಟರಿ ಜೋಡಿಸಿ. ಮಾಡೆಲ್ ಮೆನುವಿನ ಟೆಲಿಮೆಟ್ರಿ (ವಿಮಾನದಿಂದ ರಿಮೋಟಿಗೆ ಬರುವ ಅಂಕಿಗಳ) ಪುಟದಲ್ಲಿ ‘ಡಿಸ್ಕವರ್ ನ್ಯೂ’ ಒತ್ತಿದರೆ ಸೆನ್ಸರ್‌ಗಳು ಒಂದೊಂದಾಗಿ ಸಾಲುಗಟ್ಟುತ್ತವೆ. ಸಾಲು ಬೆಳೆಯುವುದು ನಿಂತ ಮೇಲೆ ಹುಡುಕಾಟ ನಿಲ್ಲಿಸಿ. ಮುಖ್ಯವಾದವು ಎರಡೇ: ಬ್ಯಾಟರಿಯ ‘ಆರ್‌ಎಕ್ಸ್‌ಬಿಟಿ’, ಸಂಪರ್ಕದ ಗುಣಮಟ್ಟ ಹೇಳುವ ‘ಆರ್‌ಕ್ಯೂಎಲ್‌ವೈ’.

ಹೊಸಬರು ಎಡವುವುದು ಇಲ್ಲೇ. ತುಂಬಿದ ಮೂರು ಸೆಲ್ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಪರದೆಯಲ್ಲಿ 5 ಎಂದಿದ್ದರೆ ರಿಸೀವರ್ ಅಳೆಯುತ್ತಿರುವುದು ಬ್ಯಾಟರಿಯನ್ನಲ್ಲ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ತನಗೆ ಇಳಿಸಿ ಕೊಡುವ ವಿದ್ಯುತ್ತನ್ನು. ಬ್ಯಾಟರಿ ಬರಿದಾಗುತ್ತಾ ಬಂದರೂ ಅದು 5ರಲ್ಲೇ ಕುಳಿತಿರುತ್ತದೆ. ರಿಸೀವರ್‌ನಲ್ಲಿ ‘ವಿ-ಬ್ಯಾಟ್’ ಪಿನ್ ಇದ್ದರೆ ಬ್ಯಾಟರಿಯಿಂದ ಅಲ್ಲಿಗೊಂದು ತಂತಿ ಎಳೆಯಬೇಕು. ನಂತರ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಅಳೆದು ನೋಡಿ; ಅಂಕಿ ಚೂರು ಆಚೀಚೆ ಇದ್ದರೆ ಸೆನ್ಸರ್‌ನ ‘ರೇಷಿಯೊ’ ಅಥವಾ ‘ಆಫ್‌ಸೆಟ್’ ತಿದ್ದಿ ಸರಿಮಾಡಿ.

ಈಗ ಎಚ್ಚರಿಕೆ. ‘ಲಾಜಿಕಲ್ ಸ್ವಿಚಸ್’ (ಕೊಟ್ಟ ಷರತ್ತು ಪೂರೈಸಿದಾಗ ತಾವೇ ಆನ್ ಆಗುವ ಸ್ವಿಚ್ಚುಗಳು) ಪುಟದಲ್ಲಿ ಎಲ್‌01 ತೆರೆದು ‘ಎ < ಎಕ್ಸ್’ (ಅಂಕಿ ಮಿತಿಗಿಂತ ಕಡಿಮೆಯಾದರೆ) ಆರಿಸಿ, ಮೂಲವಾಗಿ ಆರ್‌ಎಕ್ಸ್‌ಬಿಟಿ, ಮಿತಿಯಾಗಿ 10.5 ಕೊಡಿ. ಸೆಲ್‌ಗೆ 3.5 ವೋಲ್ಟ್ ಆಯಿತು, ಒಂದು ಸುತ್ತು ಬಂದು ಇಳಿಸುವಷ್ಟು ಶಕ್ತಿ ಉಳಿದಿರುತ್ತದೆ. ಪಟ್ಟಿಯಲ್ಲಿ ಅದೇ ಹೆಸರಿನ ಮುಂದೆ ಮೈನಸ್ ಚಿಹ್ನೆ ಇರುವುದೂ ಕಾಣುತ್ತದೆ. ಅದು ಈವರೆಗಿನ ಅತಿ ಕಡಿಮೆ ಅಂಕಿ. ಕಣ್ತಪ್ಪಿ ಅದನ್ನು ಆರಿಸಿದರೆ ಒಮ್ಮೆ ಶುರುವಾದ ಕೂಗು ನಿಲ್ಲುವುದೇ ಇಲ್ಲ. ‘ಡಿಲೇ’ ಮೂರು ಸೆಕೆಂಡ್ ಇಡಿ. ಥ್ರಾಟಲ್ ಏರಿಸಿದಾಗ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏಳುತ್ತದೆ. ಅದಕ್ಕೆಲ್ಲ ರಿಮೋಟ್ ಅರಚುತ್ತಿದ್ದರೆ ನಾಲ್ಕನೆಯ ಸಲ ನೀವೇ ಕಿವಿಗೊಡುವುದಿಲ್ಲ.

‘ಸ್ಪೆಷಲ್ ಫಂಕ್ಷನ್ಸ್’ನಲ್ಲಿ ಎಲ್‌01ಕ್ಕೆ ‘ಪ್ಲೇ ಟ್ರ್ಯಾಕ್’ ಜೋಡಿಸಿ, ಹತ್ತು ಸೆಕೆಂಡಿಗೊಮ್ಮೆ ಮರುಕಳಿಸಲಿ. ಧ್ವನಿ ಇಂಗ್ಲಿಷ್‌ನಲ್ಲೇ ಇರಬೇಕೆಂದಿಲ್ಲ. “ಬ್ಯಾಟರಿ ಮುಗಿಯಿತು, ಇಳಿಸು” ಎಂದು ಮನೆಯವರ ದನಿಯಲ್ಲೇ ಮುದ್ರಿಸಿ, 16 ಬಿಟ್, 32 ಕಿಲೋಹರ್ಟ್ಸ್‌ನ ಮೋನೊ ವೇವ್ ಕಡತವಾಗಿಸಿ ಎಸ್‌ಡಿ ಕಾರ್ಡಿನ ಧ್ವನಿ ಫೋಲ್ಡರಿಗೆ ಹಾಕಿ. ಕಡತದ ಹೆಸರು ಆರು ಇಂಗ್ಲಿಷ್ ಅಕ್ಷರ ಮೀರದಿರಲಿ. ಮಕ್ಕಳ ದನಿಯಾದರೆ ಗಾಳಿಯ ಸದ್ದಿನಲ್ಲೂ ಚೆನ್ನಾಗಿ ಕೇಳುತ್ತದೆ.

ಸಂಪರ್ಕದ ಎಚ್ಚರಿಕೆಗೂ ಇದೇ ದಾರಿ. ನಾನು ಮಿತಿಯನ್ನು ಶೇ. 70ಕ್ಕೆ ಇಟ್ಟುಕೊಂಡಿದ್ದೇನೆ. ಎತ್ತರದ ಸೆನ್ಸರ್ ಇದ್ದರೆ 110 ಮೀಟರ್ ದಾಟಿದಾಗ ಹೇಳಿಸಿ, ಏಕೆಂದರೆ 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದ (ಮುಂಗಡ ಅನುಮತಿ ಬೇಡದ ಪ್ರದೇಶದ) ಸಾಮಾನ್ಯ ಮಿತಿ 120 ಮೀಟರ್. ಆದರೆ ಜಿಪಿಎಸ್ ಹೇಳುವ ಎತ್ತರ ಸಮುದ್ರಮಟ್ಟದಿಂದ. ‘ಆಟೊ ಆಫ್‌ಸೆಟ್’ (ಶುರುವಿನ ಎತ್ತರವನ್ನೇ ಸೊನ್ನೆ ಎಂದು ಹಿಡಿಯುವ ಆಯ್ಕೆ) ಗುರುತು ಹಾಕದಿದ್ದರೆ ಬೆಂಗಳೂರಿನಲ್ಲಿ ನೆಲದ ಮೇಲಿರುವಾಗಲೇ ಸುಮಾರು 900 ಮೀಟರ್ ಎಂದು ಗಾಬರಿಯಾಗುತ್ತದೆ.

ಪರೀಕ್ಷಿಸಲು ಬ್ಯಾಟರಿ ಬರಿದು ಮಾಡಬೇಕಿಲ್ಲ. ಮಿತಿಯನ್ನು ತಾತ್ಕಾಲಿಕವಾಗಿ 13ಕ್ಕೆ ಏರಿಸಿ ಮೂರು ಸೆಕೆಂಡ್ ಕಾಯಿರಿ. ದನಿ ಕೇಳಿತೇ? ಮತ್ತೆ 10.5ಕ್ಕೆ ಇಳಿಸಿ, ಪ್ರೊಪೆಲ್ಲರ್ ಬಿಗಿಯಿರಿ.